ಪಿಯುಸಿ ಮಕ್ಕಳ ಕೈಗೆ ತಿಂಗಳ ದುಡ್ಡು: ಲೆಕ್ಕ, ಉಳಿತಾಯ, ಸಾಲ

ಕೇಳಿದಾಗಲೆಲ್ಲ ಐವತ್ತು, ನೂರು ಕೊಡುವ ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಯುವ ಅವಕಾಶವೇ ಸಿಗುವುದಿಲ್ಲ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಕೊಡಿ. ಮೂರನೇ ತಿಂಗಳಿಂದ ಒಂದನೇ ತಾರೀಕೇ ಪೂರ್ತಿ ಮೊತ್ತ ಅವರ ಕೈಗಿಡಿ.

ಮೊತ್ತವನ್ನು ಮಗಳೋ ಮಗನೋ ಜೊತೆಯಲ್ಲಿ ಕೂತೇ ನಿಗದಿ ಮಾಡಬೇಕು. ಬಸ್ಸು, ಕ್ಯಾಂಟೀನು, ಜೆರಾಕ್ಸು, ರೀಚಾರ್ಜು ಇದರಲ್ಲಿ ಬರಲಿ. ಕಾಲೇಜು ಫೀಸು, ಔಷಧ ಬೇಡ. ಎಲ್ಲರೂ ಎಡವುವುದು ರೀಚಾರ್ಜಿನಲ್ಲಿ. ಪ್ಯಾಕು 28 ದಿನದ್ದಾದರೆ ವರ್ಷಕ್ಕೆ 13 ಸಲ ಹಾಕಿಸಬೇಕು. ₹300ರ ಪ್ಯಾಕಿಗೆ ವರ್ಷಕ್ಕೆ ₹3,900, ಅಂದರೆ ತಿಂಗಳಿಗೆ ₹325 ಎತ್ತಿಡಬೇಕು. ಹಬ್ಬದ ಬಟ್ಟೆ, ಗೆಳೆಯರ ಬರ್ತ್‌ಡೇ ಖರ್ಚನ್ನೂ ಹೀಗೇ 12ರಿಂದ ಭಾಗಿಸಿ ಸೇರಿಸಿ.

ಭಾನುವಾರ ಹತ್ತು ನಿಮಿಷ ಯುಪಿಐ ಹಿಸ್ಟರಿ ತೆರೆದು ವಾರದ ಖರ್ಚನ್ನು ಅವರೇ ಪುಸ್ತಕದಲ್ಲಿ ಬರೆಯಲಿ. ಬೈಯಬೇಡಿ, ಬೈದರೆ ಮುಂದಿನ ವಾರ ಸುಳ್ಳು ಲೆಕ್ಕ ಬರುತ್ತದೆ. 20ನೇ ತಾರೀಕಿಗೇ ದುಡ್ಡು ಖಾಲಿಯಾದರೆ ಬಸ್ಸಿಗೆ, ಊಟಕ್ಕೆ ಮಾತ್ರ ಕೊಡಿ, ಅದೂ ಮುಂಗಡವಾಗಿ. ಬರೆದಿಟ್ಟು ಮುಂದಿನ ಎರಡು ತಿಂಗಳಲ್ಲಿ ಅರ್ಧರ್ಧ ಮುರಿದುಕೊಳ್ಳಿ. ಕರಗಿ ಬಿಟ್ಟುಕೊಟ್ಟರೆ ಇಷ್ಟು ದಿನದ ಶ್ರಮವೆಲ್ಲ ನೀರುಪಾಲು.

ಉಳಿತಾಯವನ್ನು ತಿಂಗಳ ಕೊನೆಗೆ ಬಿಡದೆ ಮೊದಲೇ ತೆಗೆದಿಡಬೇಕು. 10 ವರ್ಷ ದಾಟಿದವರು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಲ್ಲೇ ಖಾತೆ ತೆರೆಯಬಹುದು. ಅಲ್ಲಿನ ಆರ್.ಡಿ. (ತಿಂಗಳು ತಿಂಗಳು ಕಟ್ಟುವ ಠೇವಣಿ) ತಿಂಗಳಿಗೆ ₹100ರಿಂದ ಶುರು, ಅವಧಿ 5 ವರ್ಷ. ಶೇ. 6.7ರ ದರದಲ್ಲಿ ಕಟ್ಟಿದ ₹6,000 ಸುಮಾರು ₹7,137 ಆಗುತ್ತದೆ. ತಿಂಗಳ 15ರೊಳಗೆ ತೆರೆದ ಖಾತೆಗೆ ಪ್ರತಿ ತಿಂಗಳೂ 15ರೊಳಗೇ ಕಟ್ಟಬೇಕು. ತಪ್ಪಿದ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ದಂಡ. 3 ವರ್ಷಕ್ಕೆ ಮುಂಚೆ ಮುರಿಯಲಾಗದು. ಹಾಗಾಗಿ ಸೈಕಲ್ಲಿನಂಥ ಹತ್ತಿರದ ಗುರಿಗೆ ಉಳಿತಾಯ ಖಾತೆಯೇ ಸರಿ.

ಇನ್ನು ಸಾಲ. ಇದನ್ನು ಹದಿನೆಂಟು ತುಂಬುವ ಮೊದಲೇ ಕಲಿಸಬೇಕು. ನಮ್ಮಲ್ಲಿ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುವ ರೂಢಿ, ಮೋಸ ಹೋಗುವುದೂ ಅಲ್ಲೇ. ‘ನೂರಕ್ಕೆ ಐದು ರೂಪಾಯಿ’ ಕೇಳಲು ಸಣ್ಣದು, ವರ್ಷಕ್ಕೆ ಶೇ. 60. ₹10,000 ತಂದವರು ಬಡ್ಡಿಯೊಂದನ್ನೇ ಕಟ್ಟುತ್ತ ಹೋದರೆ ವರ್ಷದಲ್ಲಿ ₹6,000 ಕೊಟ್ಟಿರುತ್ತಾರೆ, ಅಸಲು ಇದ್ದಷ್ಟೇ ಇರುತ್ತದೆ. ಕಂತಿನ ಸಾಲದಲ್ಲಿ ‘ಫ್ಲ್ಯಾಟ್’ ದರ ಕಂಡರೆ ನಿಲ್ಲಿ: ₹12,000ಕ್ಕೆ ಶೇ. 12 ಫ್ಲ್ಯಾಟ್ ಅಂದರೆ 12 ತಿಂಗಳು ₹1,120. ಅಸಲು ತಿಂಗಳು ತಿಂಗಳು ಇಳಿದರೂ ಬಡ್ಡಿ ಪೂರ್ತಿ ಮೊತ್ತದ ಮೇಲೇ ಬೀಳುವುದರಿಂದ ನಿಜವಾದ ದರ ಸುಮಾರು ಶೇ. 21.5.

ಸಾಲದ ಆ್ಯಪ್‌ಗಳ ಲೆಕ್ಕವನ್ನು ಕಾಗದದ ಮೇಲೆ ಅವರಿಂದಲೇ ಮಾಡಿಸಿ. ₹5,000 ಸಾಲದಲ್ಲಿ ₹1,500 ‘ಪ್ರೊಸೆಸಿಂಗ್ ಶುಲ್ಕ’ ಹಿಡಿದು ₹3,500 ಕೊಟ್ಟು, ಏಳನೇ ದಿನಕ್ಕೆ ₹5,000 ಕೇಳಿದರೆ ಒಂದೇ ವಾರದ ಬೆಲೆ ಶೇ. 43. ಫೋನಿನ ಕಾಂಟ್ಯಾಕ್ಟು, ಫೋಟೋ ನೋಡಲು ಅನುಮತಿ ಕೇಳುವ ಆ್ಯಪ್ ಆರ್‌ಬಿಐ ನಿಯಮ ಮೀರುತ್ತಿದೆ ಎಂದೇ ತಿಳಿದು ತೆಗೆದುಹಾಕಿ. ಆಮೇಲೆ ಬೆದರಿಕೆಗೆ ಬಳಸುವುದು ಅವನ್ನೇ.

ಗೆಳೆಯರಿಗೆ ಖಾತೆ, ಎಟಿಎಂ ಕಾರ್ಡು, ಸಿಮ್ ‘ಬಾಡಿಗೆಗೆ’ ಕೊಡುವುದೂ ಬೇಡ. ಅದರಲ್ಲಿ ವಂಚನೆಯ ಹಣ ಹರಿದರೆ ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೆ. ಹಣ ಪಡೆಯಲು ಯುಪಿಐ ಪಿನ್ ಎಂದಿಗೂ ಬೇಕಿಲ್ಲ. ಮೋಸವಾದರೆ ಮನೆಯಲ್ಲಿ ಬೈಗುಳ ಬೀಳುವುದಿಲ್ಲ ಎಂಬ ಭರವಸೆಯನ್ನು ಇವತ್ತೇ ಕೊಟ್ಟು, ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿಯನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿ. ಎಷ್ಟು ಬೇಗ ದೂರು ಕೊಟ್ಟರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.