ಚರ್ಚಿನ ಆವರಣದಲ್ಲಿ ಜೇನು, ದುಂಬಿ, ಚಿಟ್ಟೆಗಳಿಗಾಗಿ ಊರಿನ ಗಿಡಗಳು: ಕರಾವಳಿಗೊಂದು ಕೈಪಿಡಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕ್ಯಾಥೊಲಿಕ್ ಚರ್ಚುಗಳಲ್ಲಿ ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲೆ ಮರಿಯಳ ಮೂರ್ತಿಗೆ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ತೆನೆಹಬ್ಬ. ಗದ್ದೆಯ ಬದು, ಗುಡ್ಡೆ ಮತ್ತು ಬೇಲಿಗಳಲ್ಲಿ ಸಿಗುತ್ತಿದ್ದ ಆ ಹೂಗಳ ಬದಲಿಗೆ ಈಗ ಹಲವರ ಬುಟ್ಟಿಯಲ್ಲಿ ಪೇಟೆಯಿಂದ ಕೊಂಡ ಸೇವಂತಿಗೆ ಇರುತ್ತದೆ. ಚರ್ಚಿನ ಅಂಗಳದಲ್ಲೂ ಕ್ರೋಟನ್, ಆಂಥೂರಿಯಂ ಮತ್ತು ಹುಲ್ಲುಹಾಸು ನೋಡಲು ಅಚ್ಚುಕಟ್ಟಾಗಿವೆಯಾದರೂ, ಅವುಗಳಲ್ಲಿ ಜೇನಿಗಾಗಲಿ ಚಿಟ್ಟೆಗಾಗಲಿ ಸಿಗುವುದು ತೀರ ಕಡಿಮೆ. ಮಕ್ಕಳ ಬುಟ್ಟಿ ಮತ್ತು ಜೇನಿನ ಹೊಟ್ಟೆ ಎರಡಕ್ಕೂ ಸಾಲುವಂತೆ ಆವರಣವನ್ನು ರೂಪಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಗಿಡ ತರುವ ಮೊದಲು ಒಂದು ಭಾನುವಾರ, ಪೂಜೆ ಮುಗಿದ ಬಳಿಕ, ಆವರಣವನ್ನು ಸುತ್ತಿ ಈಗಾಗಲೇ ಏನೇನಿದೆ ಎಂದು ಬರೆದಿಟ್ಟುಕೊಳ್ಳಬೇಕು. ತೆಂಗಿನ ಮರವಿದ್ದರೆ ಅದನ್ನೇ ಮೊದಲು ಬರೆಯಿರಿ. ಚೆನ್ನಾಗಿ ಬೆಳೆದ ಮರವು ವರ್ಷಕ್ಕೆ ಸುಮಾರು 12 ಹೊಂಬಾಳೆ ಬಿಡುವುದರಿಂದ, ಬೇರೆ ಹೂವಿಲ್ಲದ ದಿನಗಳಲ್ಲಿಯೂ ತುಡುವೆ ಜೇನಿಗೆ ಅದರಲ್ಲಿ ಒಂದಿಷ್ಟು ಆಹಾರ ಸಿಗುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಹಳೆಯ ಪಾಗಾರದ, ಅಂದರೆ ಆವರಣ ಗೋಡೆಯ, ಸಂದುಗಳನ್ನೂ ನೋಡಬೇಕು. ಕಡ್ಡಿಯಷ್ಟು ಸಣ್ಣ ಮೇಣದ ಕೊಳವೆಯೊಂದು ಹೊರಚಾಚಿಕೊಂಡು, ಅದರ ಬಾಯಲ್ಲಿ ಕಪ್ಪು ಹುಳಗಳು ಸುಳಿದಾಡುತ್ತಿದ್ದರೆ ಅದು ಮುಜಂಟಿ ಜೇನಿನ ಗೂಡು. ಈ ಜೇನು ಕುಟುಕುವುದಿಲ್ಲ. ಪಾಗಾರಕ್ಕೆ ಸಿಮೆಂಟ್ ಬಳಿಸುವಾಗ ಆ ಬಾಯಿಯನ್ನು ಮುಚ್ಚದಂತೆ ಮೇಸ್ತ್ರಿಗೆ ಮೊದಲೇ ಹೇಳಿರಬೇಕು. ಕೆಲಸ ಮುಗಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ನೆಡುವುದಕ್ಕೆ ಜೂನ್ ತಿಂಗಳ ಮೊದಲ ಮಳೆಗಳೇ ಸರಿಯಾದ ಕಾಲ. ಆದರೆ ಗುಂಡಿ ತೋಡುವ ಕೆಲಸ ಏಪ್ರಿಲ್–ಮೇಯಲ್ಲೇ ಮುಗಿದಿರಬೇಕು, ಏಕೆಂದರೆ ಮುರಕಲ್ಲಿನ ನೆಲದಲ್ಲಿ ಹಾರೆ ಹಿಡಿಯುವವರು ಮಳೆ ಹಿಡಿದ ಮೇಲೆ ಗದ್ದೆ ಕೆಲಸಕ್ಕೆ ಹೋಗಿರುತ್ತಾರೆ. ಪೊದೆಗಿಡಗಳಿಗೆ ಒಂದೂವರೆ ಅಡಿ, ಮರಗಳಿಗೆ ಎರಡು ಅಡಿಗೂ ಹೆಚ್ಚು ಆಳದ ಗುಂಡಿ ತೆಗೆದು, ಮೇಲ್ಮಣ್ಣು, ತರಗೆಲೆ ಮತ್ತು ಹಟ್ಟಿಗೊಬ್ಬರವನ್ನು ಬೆರೆಸಿ ತುಂಬಬೇಕು. ತಗ್ಗಾಗಿ ಬಿಟ್ಟ ಗುಂಡಿಯಲ್ಲಿ ಜುಲೈಯ ನೀರು ನಿಂತು ಬೇರು ಕೊಳೆಯುತ್ತದೆ. ಆದುದರಿಂದ ಮಣ್ಣನ್ನು ನೆಲಮಟ್ಟಕ್ಕಿಂತ ಸ್ವಲ್ಪ ಏರಿಸಿಯೇ ನೆಡಿ. ನಮ್ಮ ಮೊದಲ ವರ್ಷದ ಗಿಡಗಳನ್ನು ಕ್ರಿಸ್ಮಸ್‌ನ ಸಂಭ್ರಮದಲ್ಲಿ ಫೋಟೋಕ್ಕಾಗಿ ನೆಟ್ಟು, ಮಾರ್ಚ್ ಹೊತ್ತಿಗೆ ಅರ್ಧಕ್ಕರ್ಧ ಒಣಗಿಸಿದ್ದೆವು.

ಗಿಡಗಳ ಆಯ್ಕೆಯಲ್ಲಿ ಹೂವಿನ ಚೆಲುವಿಗಿಂತ ಅದು ಅರಳುವ ತಿಂಗಳು ಮುಖ್ಯ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕರಾವಳಿಯಲ್ಲಿ ಹೂವಿಗೆ ಬರವಿಲ್ಲ: ಹೊಂಗೆ ಅರಳುತ್ತದೆ, ಸುರಗಿ ಕೊಂಬೆಯ ಮೈಗೇ ಅಂಟಿಕೊಂಡು ಹೂ ಬಿಡುತ್ತದೆ. ಜಾಗ ದೊಡ್ಡದಿದ್ದರೆ ಇವುಗಳಲ್ಲಿ ಒಂದೊಂದನ್ನು, ಒಂದು ರಂಜೆಯನ್ನೂ (ಬಕುಳ) ಸೇರಿಸಿ, ಪಾಗಾರದಿಂದ ಸಾಕಷ್ಟು ದೂರ ನೆಟ್ಟರೆ ಸಾಕು. ಕೇಪಳವನ್ನು ಮಾತ್ರ ಹೆಚ್ಚಾಗಿ ನೆಡಬಹುದು. ಅದರ ಹೂವಿನ ಉದ್ದನೆಯ ನಳಿಗೆಯ ತಳದಲ್ಲಿರುವ ಮಕರಂದವು ಜೇನಿನ ನಾಲಗೆಗೆ ಎಟುಕುವುದಿಲ್ಲ. ಅದು ಉದ್ದ ಹೀರುಕೊಳವೆಯ ದೊಡ್ಡ ಚಿಟ್ಟೆಗಳ ಪಾಲು. ನರ್ಸರಿಯವರು ಕೊಡುವ ಕುಳ್ಳ ತಳಿಗಳ ಬದಲಿಗೆ ಗುಡ್ಡೆಯ ಕೇಪಳದ ಹಣ್ಣಿನಿಂದ ಸಸಿ ಮಾಡಿಕೊಂಡರೆ, ಮಕ್ಕಳಿಗೂ ಹಕ್ಕಿಗಳಿಗೂ ತಿನ್ನಲು ಹಣ್ಣು ಸಿಗುತ್ತದೆ.

ಜೇನಿಗೆ ಕಷ್ಟದ ಕಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ. ಹೊರಗೆ ಹಾರಲು ಸಿಗುವ ಹೊಳವು ಕೆಲವೇ ಗಂಟೆಗಳದ್ದು. ಅಷ್ಟರಲ್ಲಿ ಹತ್ತಿರದಲ್ಲಿ ಹೂವಿರಬೇಕು. ನೇರಳೆ ಬಣ್ಣದ ಹೂ ಬಿಡುವ ನೆಕ್ಕರಿಕ ಪೊದೆ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಅದರಲ್ಲಿ ಮಕರಂದವಿಲ್ಲ, ಪರಾಗವಿದೆ. ಕಪ್ಪು ದುಂಬಿಯು ಹೂವನ್ನು ಕಚ್ಚಿ ಹಿಡಿದು ಮೈಯನ್ನು ಝೇಂಕರಿಸಿದಾಗ ಪರಾಗವು ಕೇಸರದ ತುದಿಯ ರಂಧ್ರದಿಂದ ಉದುರುತ್ತದೆ. ಬದನೆಗೂ ಟೊಮೆಟೊಗೂ ಇದೇ ಬಗೆಯ ಸೇವೆ ಬೇಕಾದುದರಿಂದ, ಆವರಣದ ಮೂಲೆಯಲ್ಲಿ ತರಕಾರಿ ಬೆಳೆಯುವ ಸಮುದಾಯಗಳಿಗೆ ನೆಕ್ಕರಿಕದ ಸಾಲು ಲಾಭವೇ. ಬೇಲಿಗೆ ಲಕ್ಕಿಯ ಗೆಲ್ಲುಗಳನ್ನು ಮಳೆ ಆರಂಭವಾಗುತ್ತಲೇ ಊರಿದರೆ ಸುಲಭವಾಗಿ ಚಿಗುರುತ್ತವೆ. ಗೌರಿಹೂವಿನ ಬಳ್ಳಿಯೂ ಇದೇ ಕಾಲದಲ್ಲಿ ಅರಳುತ್ತದೆ. ಅದರ ಗಡ್ಡೆ ಕಡುವಿಷವಾದ ಕಾರಣ ಮಕ್ಕಳು ಓಡಾಡದ ಕಡೆ ಮಾತ್ರ ಇರಲಿ.

ಮಳೆ ತಗ್ಗುವ ಹೊತ್ತಿಗೆ ತುಂಬೆಯ ಸರದಿ. ಇದಕ್ಕೆ ಹಣ ಬೇಡ, ಗುಂಡಿ ಬೇಡ; ಕೀಳದೆ ಬಿಟ್ಟರಾಯಿತು. ಆದರೆ ಇಲ್ಲಿಯೇ ತೊಡಕು. ನವೆಂಬರ್ 2ರ ಮೃತರ ಸ್ಮರಣೆಯ ದಿನಕ್ಕೆಂದು ಅಕ್ಟೋಬರ್ ಕೊನೆಯಲ್ಲಿ ಸ್ಮಶಾನವನ್ನು ನುಣ್ಣಗೆ ಹೆರೆಯುವುದು ವಾಡಿಕೆ, ಮತ್ತು ತುಂಬೆ ಹೂವಿನಿಂದ ತುಂಬಿರುವುದೂ ಸರಿಯಾಗಿ ಆಗಲೇ. ಸಮಾಧಿಗಳನ್ನೂ ನಡುವಿನ ದಾರಿಯನ್ನೂ ಕತ್ತಿಯಿಂದ ಸವರಿ, ಪಾಗಾರದ ಬದಿಯ ನಾಲ್ಕೈದು ಅಡಿ ಅಗಲದ ಪಟ್ಟಿಯನ್ನು ಬೀಜ ಉದುರುವವರೆಗೆ, ಅಂದರೆ ಜನವರಿವರೆಗೆ, ಮುಟ್ಟದೆ ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕುಟುಂಬಗಳಿಗೆ ಇದು ನಿರ್ಲಕ್ಷ್ಯವೆಂದು ತೋರಬಾರದು. ಆದ್ದರಿಂದ ಧರ್ಮಗುರುಗಳ ಮೂಲಕ ಹಿಂದಿನ ವಾರವೇ ಪ್ರಕಟಣೆ ಕೊಡಿಸಿ, ಪಟ್ಟಿಯ ಅಂಚನ್ನು ಕಲ್ಲುಗಳ ಸಾಲಿನಿಂದ ಗುರುತಿಸುವುದು ಲೇಸು. ಕಳೆನಾಶಕವನ್ನು ಮಾತ್ರ ಸ್ಮಶಾನದೊಳಗೆ ಬಿಡಲೇಬಾರದು. ಹಳದಿ ಹೂವಿನ ಸಿಂಗಾಪುರ ಡೇಸಿ ನೆಲ ಹಬ್ಬಿದ್ದರೆ ಅದನ್ನು ಕೈಯಿಂದಲೇ, ಗಂಟು ಸಹಿತ, ಕಿತ್ತು ತೆಗೆಯಿರಿ. ಉಳಿದ ತುಂಡು ಮತ್ತೆ ಬೇರು ಬಿಡುತ್ತದೆ.

ಚಿಟ್ಟೆಗೆ ಹೂವಷ್ಟೇ ಸಾಲದು, ಅದರ ಹುಳುವಿಗೆ ಎಲೆಯೂ ಬೇಕು. ಕರಿಬೇವು ಮತ್ತು ನಿಂಬೆಯ ಎಲೆಗಳಲ್ಲಿ ಕಾಮನ್ ಮಾರ್ಮನ್, ಎಕ್ಕದಲ್ಲಿ ಪ್ಲೇನ್ ಟೈಗರ್, ಕಕ್ಕೆಯಲ್ಲಿ ಎಮಿಗ್ರಂಟ್ ಚಿಟ್ಟೆಗಳು ಮೊಟ್ಟೆಯಿಡುತ್ತವೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಹುಳು ಈಶ್ವರ ಬಳ್ಳಿಯ ಕುಟುಂಬದ ಗಿಡಗಳನ್ನಲ್ಲದೆ ಬೇರೆಯದನ್ನು ತಿನ್ನುವುದಿಲ್ಲ. ನರ್ಸರಿಗಳಲ್ಲಿ ಸಿಗುವ, ದೊಡ್ಡ ಹೂವಿನ ವಿದೇಶಿ ಬಳ್ಳಿಯನ್ನು ಅದರ ಬದಲಿಗೆ ತರಬೇಡಿ. ಎಲೆ ತೂತಾಯಿತೆಂದು ಬೇವಿನೆಣ್ಣೆ ಸಿಂಪಡಿಸಲು ಹೊರಡುವ ಸ್ವಯಂಸೇವಕರು ಪ್ರತಿ ಚರ್ಚಿನಲ್ಲೂ ಒಬ್ಬಿಬ್ಬರಿರುತ್ತಾರೆ. ತೂತಾಗಲಿ ಎಂದೇ ಆ ಗಿಡ ನೆಟ್ಟದ್ದೆಂದು ಅವರಿಗೆ ತಾಳ್ಮೆಯಿಂದ ತಿಳಿಸಬೇಕು.

ಮೊದಲ ಎರಡು ಬೇಸಗೆಗಳಲ್ಲಿ, ಡಿಸೆಂಬರ್‌ನಿಂದ ಮೇವರೆಗೆ, ವಾರಕ್ಕೆರಡು ಬಾರಿ ನೀರುಣಿಸಿ, ಬುಡಕ್ಕೆ ತೆಂಗಿನ ಸಿಪ್ಪೆ ಮತ್ತು ತರಗೆಲೆ ಹೊದಿಸಬೇಕು. ವಾಳೆಗೊಂದು (ಚರ್ಚಿನ ವಾರ್ಡಿಗೊಂದು) ವಾರವೆಂದು ಅವುಗಳ ಮುಖಂಡರಾದ ಗುರಿಕಾರರು ಹಂಚಿಕೊಂಡರೆ ಹೊರೆಯಾಗುವುದಿಲ್ಲ. ಕೆಲವು ಜೇನುಗಳು ನೆಲದೊಳಗೆ ಗೂಡು ಮಾಡುವುದರಿಂದ, ಬಿಸಿಲು ಬೀಳುವ ಒಂದು ತುಂಡು ನೆಲವನ್ನು ಇಂಟರ್‌ಲಾಕ್ ಹಾಸದೆ ಬರಿದಾಗಿ ಬಿಡಿ. ಕಲ್ಲು ತುಂಬಿದ ತಟ್ಟೆಯಲ್ಲಿ ನೀರಿಡುವುದಾದರೆ ಎರಡು ದಿನಕ್ಕೊಮ್ಮೆ ಬದಲಿಸಬೇಕು, ಮಂಗಳೂರಿನವರಿಗೆ ಮಲೇರಿಯಾದ ನೆನಪು ಮಾಡಿಕೊಡಬೇಕಾಗಿಲ್ಲ. ಗಂಟೆಗೋಪುರದಲ್ಲಿ ಹೆಜ್ಜೇನು ಕಟ್ಟಿದ್ದರೆ, ವಾರ್ಷಿಕ ಹಬ್ಬದ ಪಟಾಕಿಯನ್ನು ಅದರ ಕೆಳಗೆ ಸಿಡಿಸಕೂಡದು.

ಇನ್ನು ತೆನೆಹಬ್ಬದ ಹೂವಿನ ಮಾತು. ಆವರಣದಲ್ಲಿ ಎರಡು ಸಾಲು ಮಾಡಿ, ದಾಸವಾಳ, ಗೊಂಡೆ, ಗೋರಂಟಿಗಳ ಒಂದನ್ನು ಮಕ್ಕಳ ಬುಟ್ಟಿಗೂ, ಊರಿನ ಗಿಡಗಳ ಇನ್ನೊಂದನ್ನು ಕೀಟಗಳಿಗೂ ಮೀಸಲಿಡಬಹುದು. ಎರಡನೆಯ ಸಾಲಿನಿಂದ ಕೊಯ್ಯಲೇಬೇಕಾದರೆ ಗಿಡವೊಂದಕ್ಕೆ ಒಂದು ಗೊಂಚಲು ಮಾತ್ರ, ಅದೂ ಅದರ ಮೇಲೆ ದುಂಬಿ ಕುಳಿತಿಲ್ಲವೆಂದು ನೋಡಿಕೊಂಡು ಕೊಯ್ಯುವಂತೆ ಮಕ್ಕಳಿಗೆ ನೊವೆನಾದ (ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಯ) ಮೊದಲ ದಿನವೇ ಹೇಳಿಕೊಡಿ.