ಬ್ಯಾಟರಿ ಕೊಳ್ಳುವ ಮುನ್ನ ಮೀಟರ್ ಹಚ್ಚಿ ನೋಡಿ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದ ದಿನಗಳಲ್ಲಿ, ವಾರವಿಡೀ ಅಂಗಳದಲ್ಲೇ ನಿಂತ ಕಾರು ಸೆಲ್ಫ್ ಹೊಡೆದಾಗ ಟಕ್ ಟಕ್ ಎಂದು ಸುಮ್ಮನಾದರೆ, ನಮ್ಮ ಓಣಿಯಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ‘ಬ್ಯಾಟರಿ ಹೋತು’ ಎಂಬುದೇ. ನಾನೂ ಒಮ್ಮೆ ಆ ಮಾತನ್ನು ನಂಬಿ ಹೊಸ ಬ್ಯಾಟರಿ ಕೂರಿಸಿಕೊಂಡೆ. ಹದಿನೈದು ದಿನ ಕಳೆಯುವಷ್ಟರಲ್ಲಿ, ಗದಗಿನಿಂದ ಹುಬ್ಬಳ್ಳಿಗೆ ಮರಳುವಾಗ ಅಣ್ಣಿಗೇರಿಯ ಹತ್ತಿರ ಚಹಾ ಕುಡಿಯಲು ನಿಲ್ಲಿಸಿದ ಕಾರು ಮತ್ತೆ ಚಾಲೂ ಆಗಲಿಲ್ಲ. ಕೊನೆಗೆ ಸಿಕ್ಕ ದೋಷವೆಂದರೆ, ಎಂಜಿನ್ನಿನಿಂದ ಕಾರಿನ ಲೋಹದ ಮೈಗೆ ಬರುವ ಅರ್ಥಿಂಗ್ ಪಟ್ಟಿಯ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ) ಒಂದು ಬೋಲ್ಟು ತುಕ್ಕು ಹಿಡಿದು ಸಡಿಲಾಗಿತ್ತು. ಹಳೆಯ ಬ್ಯಾಟರಿಯಲ್ಲಿ ಯಾವ ದೋಷವೂ ಇರಲಿಲ್ಲ.

ಅಂದಿನಿಂದ ಮನೆಯಲ್ಲಿ ವೋಲ್ಟು, ಕರೆಂಟು ಅಳೆಯುವ ಒಂದು ಡಿಜಿಟಲ್ ಮಲ್ಟಿಮೀಟರ್ ಇಟ್ಟುಕೊಂಡಿದ್ದೇನೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಗೆ ಬೆಳಿಗ್ಗೆ ಅದನ್ನು ಡಿಸಿ 20 ವೋಲ್ಟಿನಲ್ಲಿಟ್ಟು ಹಚ್ಚಿದರೆ 12.6 ವೋಲ್ಟಿನ ಆಸುಪಾಸು ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಅರ್ಧದಷ್ಟು ಖಾಲಿಯಾಗಿದೆ ಎಂದೂ, 12ಕ್ಕಿಂತ ಕಡಿಮೆಯಿದ್ದರೆ ಬಹುತೇಕ ಬರಿದಾಗಿದೆ ಎಂದೂ ತಿಳಿಯಬೇಕು. ಮೀಟರ್ ಹಾಗೆಯೇ ಇರಲಿ, ಒಬ್ಬರು ಸೆಲ್ಫ್ ಹೊಡೆಯಲಿ. ಪೂರ್ತಿ ಚಾರ್ಜ್ ಆದ ಬ್ಯಾಟರಿಯೂ ಆಗ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಷ್ಯ ಮುಗಿಯಿತೆಂದು ಅನುಮಾನಿಸಬಹುದು. ಎಂಜಿನ್ ಚಾಲೂ ಆದ ಮೇಲೆ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಬರಬೇಕು. ಅಲ್ಲಿಯೂ 12.4ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್, ಅಂದರೆ ನಮ್ಮ ಹಳೆಯ ಮಿಸ್ತ್ರಿಗಳು ಈಗಲೂ ಡೈನಮೊ ಎನ್ನುವ ಭಾಗ, ಚಾರ್ಜ್ ಕೊಡುತ್ತಿಲ್ಲ. 15 ದಾಟಿದರೆ ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಏರಿಳಿಸುವುದರಿಂದ, ಹೆಡ್‌ಲೈಟು ಹಾಗೂ ಎಸಿ ಹಚ್ಚಿ ಇನ್ನೊಮ್ಮೆ ನೋಡಿದ ಬಳಿಕವೇ ತೀರ್ಮಾನಿಸುವುದು ಒಳಿತು.

ಚಾರ್ಜ್ ಕಡಿಮೆ ಬಂದ ಮಾತ್ರಕ್ಕೆ ಆಲ್ಟರ್ನೇಟರ್ ಬಿಚ್ಚಿಸಲು ಹೋಗಬೇಡಿ. ಅದನ್ನು ತಿರುಗಿಸುವ ಬೆಲ್ಟು ಸಡಿಲಾಗಿ ಜಾರುತ್ತಿರಬಹುದು, ಟರ್ಮಿನಲ್‌ಗಳ ಮೇಲೆ ಬಿಳಿ ಇಲ್ಲವೇ ಹಸಿರು ಪುಡಿ ಕಟ್ಟಿರಬಹುದು. ಎಂಜಿನ್ ನಿಲ್ಲಿಸಿ, ಮೊದಲು ಮೈನಸ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹಳೆಯ ಬ್ರಷ್ ಅದ್ದಿ ಉಜ್ಜಿ, ಒಣಗಿಸಿ, ಮೈನಸನ್ನು ಕೊನೆಗೆ ಜೋಡಿಸಿದರೆ ಎಷ್ಟೋ ಕಾರುಗಳು ಅಷ್ಟಕ್ಕೇ ಸರಿಹೋಗುತ್ತವೆ. ಅರ್ಥಿಂಗ್ ದೋಷ ಮಾತ್ರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಒತ್ತಿ ಹಿಡಿದು ಸೆಲ್ಫ್ ಹೊಡೆಸಿದಾಗ, 0.2 ವೋಲ್ಟಿನಷ್ಟು ಬಂದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ಆ ದಾರಿಯಲ್ಲಿ ಎಲ್ಲೋ ತುಕ್ಕು ಅಥವಾ ಸಡಿಲ ಕೀಲು ಇದ್ದೇ ಇದೆ. ಅಣ್ಣಿಗೇರಿಯಲ್ಲಿ ನನ್ನನ್ನು ನಿಲ್ಲಿಸಿದ ದೋಷ ಈ ಒಂದು ಪರೀಕ್ಷೆಯಲ್ಲಿ ಎರಡು ನಿಮಿಷಕ್ಕೆ ಸಿಗುತ್ತಿತ್ತು.

ಚಾರ್ಜ್ ಸರಿಯಿದ್ದೂ ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ಏನೋ ಒಂದು ಗುಟ್ಟಾಗಿ ಕರೆಂಟ್ ಕುಡಿಯುತ್ತಿದೆ. ಪಕ್ಕದ ಮನೆಯ ಹುಡುಗ ‘ಕಾಕಾ, ಮೂರ ದಿನಕ್ಕ ಇಳೀತೈತಿ’ ಎಂದು ಬಂದಾಗ ಸಿಕ್ಕಿದ್ದು ಡಿಕ್ಕಿಯೊಳಗೆ ಆರದೆ ಉಳಿಯುತ್ತಿದ್ದ 5 ವ್ಯಾಟಿನ ಬಲ್ಬು. ಅದು ದಿನಕ್ಕೆ ಸುಮಾರು 10 ಆಂಪಿಯರ್-ಅವರ್ (ಬ್ಯಾಟರಿ ಹಿಡಿಯುವ ಕರೆಂಟಿನ ಅಳತೆ) ನುಂಗುವುದರಿಂದ 35 ಆಂಪಿಯರ್-ಅವರಿನ ಬ್ಯಾಟರಿ ಮೂರನೆಯ ದಿನಕ್ಕೇ ಸೋಲುವುದು ಸಹಜ. ಇಂಥದನ್ನು ಹುಡುಕಲು ಮೈನಸ್ ತಂತಿಯನ್ನು ಬಿಚ್ಚಿ, ಆ ತಂತಿಗೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿಟ್ಟು ಜೋಡಿಸಿ, ಬಾಗಿಲು ಮುಚ್ಚಿ ಅರ್ಧ ಗಂಟೆ ಕಾಯಬೇಕು. ಕಾರು ನಿದ್ರೆಗೆ ಜಾರಿದ ಮೇಲೆ 0.05 ಆಂಪಿಯರಿಗಿಂತ ಹೆಚ್ಚು ಉಳಿದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೆಯೋ ಆ ಸಾಲಿನಲ್ಲೇ ದೋಷವಿದೆ. ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸೋ ಮೀಟರೋ ಸುಟ್ಟುಹೋಗುತ್ತದೆ. ಪದೇ ಪದೇ ಹಾರುವ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತುವವರಿಗೆ ನನ್ನ ಬಳಿ ಸೌಮ್ಯವಾದ ಮಾತಿಲ್ಲ. ಮುಂದೆ ಸುಡುವುದು ವೈರಿಂಗು, ಆಮೇಲೆ ಕಾರು.

ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಿತ್ತು ಡೈನಮೊ ಪರೀಕ್ಷಿಸುವ ಹಳೆಯ ರೂಢಿಯನ್ನೂ ಬಿಡಬೇಕು. ಆ ಕ್ಷಣಕ್ಕೆ ಏಕಾಏಕಿ ಏರುವ ವೋಲ್ಟೇಜು ಈಗಿನ ಕಾರುಗಳ ಇಸಿಯುವನ್ನೇ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರನ್ನೇ ಕೆಡಿಸಬಲ್ಲದು.

ಇನ್ನು ಹಾವೇರಿ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ, ಚಾರ್ಜ್ ಬರುತ್ತಿಲ್ಲ ಎನ್ನುವ ಕೆಂಪು ಬ್ಯಾಟರಿ ದೀಪ ಹೊತ್ತಿಕೊಂಡರೆ, ಮೊದಲು ಬಿಸಿ ತೋರಿಸುವ ಮುಳ್ಳನ್ನು ನೋಡಿ. ಹಲವು ಕಾರುಗಳಲ್ಲಿ ನೀರಿನ ಪಂಪನ್ನೂ, ಕೆಲವುಗಳಲ್ಲಿ ಸ್ಟೇರಿಂಗ್ ಹಗುರಗೊಳಿಸುವ ಪಂಪನ್ನೂ ಅದೇ ಬೆಲ್ಟು ತಿರುಗಿಸುವುದರಿಂದ, ಬೆಲ್ಟು ತುಂಡಾಗಿದ್ದರೆ ಮುಳ್ಳು ಏರತೊಡಗುತ್ತದೆ. ಆಗ ತಡಮಾಡದೆ ಬದಿಗೆ ನಿಲ್ಲಿಸಬೇಕು. ಮುಳ್ಳು ತನ್ನ ಜಾಗದಲ್ಲೇ ಇದ್ದು, ಸ್ಟೇರಿಂಗ್ ಎಂದಿನಂತೆ ಹಗುರವಾಗಿಯೇ ಇದ್ದರೆ, ಎಸಿ, ರೇಡಿಯೋ ಆರಿಸಿ, ಎಂಜಿನ್ ಬಂದ್ ಮಾಡದೆ ಹತ್ತಿರದ ಊರಿನ ಎಲೆಕ್ಟ್ರಿಷಿಯನ್ ಅಂಗಡಿಯವರೆಗೆ ನಡೆಸಿಕೊಂಡು ಹೋಗಬಹುದು.