ತೇಲುವ ಹಡಗಿನ ಮೇಲಿಂದ ಅರೋರಾ: ಸ್ಕೋರ್ಸ್‌ಬಿ ಸುಂಡ್‌ನಲ್ಲಿ ನನ್ನ ಅನುಭವ

ಹಡಗಿನ ಮೇಲಿಂದ ಅರೋರಾ (ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು) ಫೋಟೊ ತೆಗೆದರೆ ನಕ್ಷತ್ರಗಳೆಲ್ಲ ಗೆರೆಗೆರೆಯಾಗಿ ಬರುತ್ತವೆ, ಪ್ರಿಂಟ್ ಹಾಕುವ ಹಾಗಿರಲ್ಲ. ಫೋಟೊ ತೆಗೆಯುವ ನಮ್ಮಂಥವರಲ್ಲಿ ಎಲ್ಲರೂ ಹೇಳುವ ಮಾತು ಇದು. ನಾನು ಹೊರಟಾಗಲೂ ಹೇಳಿದರು. ಮೈಸೂರಿನ ನಮ್ಮ ಗುಂಪಿನ ಹಿರಿಯರೊಬ್ಬರು, ನನಗೆ ಕ್ಯಾಮೆರಾ ಹಿಡಿಯೋದು ಕಲಿಸಿದವರು, "ಅಷ್ಟೊಂದು ದುಡ್ಡು! ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗೆ ಕಣಯ್ಯಾ. ನಾರ್ವೆಯ ಟ್ರಾಮ್ಸೋಗೆ ಹೋಗು, ನೆಲದ ಮೇಲೆ ಟ್ರೈಪಾಡ್ ಇಡು, ತೆಗಿ" ಅಂದರು. ಈಗ ಆ ಹಡಗಿನ ಮೇಲಿಂದ ತೆಗೆದ ಫೋಟೊವೊಂದು 24 ಇಂಚು ಬೈ 36 ಇಂಚಿನ ಪ್ರಿಂಟ್ ಆಗಿ ಅವರ ಮನೆಯ ಹಾಲ್‌ನಲ್ಲಿದೆ. ನಕ್ಷತ್ರಗಳು ಚುಕ್ಕಿಗಳಾಗಿಯೇ ಇವೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾದರು, ಅದಕ್ಕೆ ಬರೆಯುತ್ತಿದ್ದೇನೆ.

ನೆಲದ ಮೇಲೆ ನಿಂತೇ ಯಾಕೆ ತೆಗೆಯಬಾರದು? ನನಗೆ ಬೇಕಿದ್ದದ್ದು ಬರೀ ಅರೋರಾ ಅಲ್ಲ. ದೊಡ್ಡ ದೊಡ್ಡ ಹಿಮಗಡ್ಡೆಗಳು ನೀರಲ್ಲಿ ನಿಂತಿರಬೇಕು, ಮೇಲೆ ಅರೋರಾ ಇರಬೇಕು. ಅಂಥ ಜಾಗಕ್ಕೆ ರಸ್ತೆ ಇಲ್ಲ. ಹಿಮಕರಡಿ ಇರುವ ಕಡೆ ಕತ್ತಲಾದ ಮೇಲೆ ನಮ್ಮನ್ನು ದಡಕ್ಕೆ ಇಳಿಸುವುದೂ ಇಲ್ಲ. ಹಗಲಲ್ಲೇ ಗೈಡ್‌ಗಳು ಬಂದೂಕು ಹಿಡಿದು ಸುತ್ತ ನಿಲ್ಲುತ್ತಾರೆ. ಹಾಗಾಗಿ ಉಳಿದದ್ದು ಹಡಗಿನ ಡೆಕ್ ಮಾತ್ರ.

ಮೊದಲು ನಾರ್ವೆ ಕರಾವಳಿಯ ಹಡಗಿನಲ್ಲಿ ಅಕ್ಟೋಬರಿನಲ್ಲಿ ಹೋಗಿದ್ದೆ. ಅರೋರಾ ಚೆನ್ನಾಗಿಯೇ ಬಂತು. ಟ್ರೈಪಾಡ್ ಮೇಲೆ ಆರೆಂಟು ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟೆ. ನೂರಾರು ಫ್ರೇಮ್, ಒಂದೂ ಉಪಯೋಗಕ್ಕೆ ಬರಲಿಲ್ಲ. ಹಡಗು ಹೊರಳುವುದು ಒಂದು ಕಡೆ, ಇಂಜಿನ್ನಿನ ನಡುಕ ಇನ್ನೊಂದು ಕಡೆ. ಡೆಕ್ಕಿನ ನಡುಕವನ್ನು ಟ್ರೈಪಾಡಿನ ಕಾಲುಗಳು ನೇರ ಕ್ಯಾಮೆರಾಗೆ ತಲುಪಿಸುತ್ತವೆ. ಒಂದೂವರೆ ಲಕ್ಷ ಹೋಯಿತು.

ಆಮೇಲೆ ನಾರ್ವೆಗೂ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳು. ಟಿಕೆಟ್ ಮಾರಿದವರು ಸೆಪ್ಟೆಂಬರ್ ಮಧ್ಯದಲ್ಲಿ ಅರೋರಾ ಗ್ಯಾರಂಟಿ ಅಂದಿದ್ದರು. 79 ಡಿಗ್ರಿ ಉತ್ತರದಲ್ಲಿ ಆ ಹೊತ್ತಿಗೆ ಸೂರ್ಯ ದಿಗಂತದಿಂದ ಕೆಳಗೆ ಇಳಿಯೋದೇ ಏಳೆಂಟು ಡಿಗ್ರಿ. ರಾತ್ರಿಯಿಡೀ ಆಕಾಶ ನೀಲಿ. ಹಿಮಕರಡಿ ನೋಡಿದೆ, ವಾಲ್ರಸ್ ನೋಡಿದೆ, ಅರೋರಾ ಇಲ್ಲ. ಆ ಸಾಲ ತೀರಿಸಲು ಮುಂದಿನ ಸೀಸನ್ ಪೂರ್ತಿ ಮದುವೆ ಆಲ್ಬಮ್ ಮಾಡಿದ್ದೇನೆ.

ಅಲ್ಲಿಂದ ಲೆಕ್ಕ ಹಾಕಿ ಹಿಡಿದದ್ದು ಪೂರ್ವ ಗ್ರೀನ್‌ಲ್ಯಾಂಡಿನ ಸ್ಕೋರ್ಸ್‌ಬಿ ಸುಂಡ್. ಜಗತ್ತಿನ ಅತಿ ದೊಡ್ಡ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕವಲು) ವ್ಯವಸ್ಥೆಗಳಲ್ಲಿ ಒಂದು. ಸಮುದ್ರದಿಂದ ಒಳಗೆ 350 ಕಿಲೋಮೀಟರ್ ಹತ್ತಿರ ಹೋಗುತ್ತದೆ. 1822ರಲ್ಲಿ ತಿಮಿಂಗಿಲ ಬೇಟೆಯ ಕ್ಯಾಪ್ಟನ್ ವಿಲಿಯಂ ಸ್ಕೋರ್ಸ್‌ಬಿ ನಕ್ಷೆ ಬರೆದ ಜಾಗ. ಅಕ್ಷಾಂಶ 70ರಿಂದ 71 ಡಿಗ್ರಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಹೋದರೆ ಕುಳ್ಳ ಬರ್ಚ್ ಗಿಡಗಳು ನೆಲದ ತುಂಬ ಕೆಂಪಾಗಿರುತ್ತವೆ, ಆದರೆ ನಡುರಾತ್ರಿಯೂ ಆಕಾಶ ಪೂರ್ತಿ ಕಪ್ಪಾಗಲ್ಲ. 18, 20ನೇ ತಾರೀಕಿನ ಹೊತ್ತಿಗೆ ಹೋದರೆ ಎಲೆ ಉದುರಲು ಶುರುವಾಗಿರುತ್ತದೆ, ಕತ್ತಲೆ ಮಾತ್ರ ಸಾಕಷ್ಟು ಸಿಗುತ್ತದೆ. ನಾನು ಕತ್ತಲೆಯನ್ನೇ ಆರಿಸಿಕೊಂಡೆ. ತಿಂಗಳ ಕೊನೆಗೆ ಹಡಗುಗಳ ಸೀಸನ್ನೇ ಮುಗಿದು ಹೋಗುತ್ತದೆ.

ಚಂದ್ರನ ಲೆಕ್ಕ ಯಾರೂ ಹೇಳಲ್ಲ, ನಾನು ಹೇಳುತ್ತೇನೆ. ಸೆಪ್ಟೆಂಬರಿನ ಶುಕ್ಲಪಕ್ಷದ ಅಷ್ಟಮಿ ಚಂದ್ರ ಅಲ್ಲಿ ಹೆಚ್ಚು ಕಡಿಮೆ ಹುಟ್ಟೋದೇ ಇಲ್ಲ, ದಕ್ಷಿಣದ ಬೆಟ್ಟಗಳ ಹಿಂದೆಯೇ ಉಳಿದುಬಿಡುತ್ತಾನೆ. ಕೃಷ್ಣಪಕ್ಷದ ಅಷ್ಟಮಿ ಚಂದ್ರ ಮುಳುಗೋದಿಲ್ಲ. ನಡುರಾತ್ರಿ ಪೂರ್ವದಲ್ಲಿ ಇಪ್ಪತ್ತು ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದರೆ ಹಿಮಗಡ್ಡೆಗಳಿಗೆ ಎಡಗಡೆಯಿಂದ ಬೆಳಕು. ಇದಕ್ಕಿಂತ ಒಳ್ಳೆ ಲೈಟಿಂಗ್ ದುಡ್ಡು ಕೊಟ್ಟರೂ ಸಿಗಲ್ಲ. ನಮ್ಮ ಲೆಕ್ಕದಲ್ಲಿ ಅದು ಪಿತೃಪಕ್ಷ. "ಪಿತೃಪಕ್ಷದಲ್ಲಿ ದೂರ ಪ್ರಯಾಣ ಯಾಕಪ್ಪಾ" ಅಂತ ಅಮ್ಮ ಬೇಜಾರು ಮಾಡಿಕೊಂಡರು. ಆದರೆ ಆಗ ಮದುವೆಗಳಿಲ್ಲ, ನನಗೆ ರಜೆ ಸಿಗುವುದೂ ಆಗಲೇ.

ಇನ್ನು ಹಡಗು. ನೂರು ಮೀಟರಿಗಿಂತ ಉದ್ದದ ಹಡಗು ಲಂಗರು ಹಾಕಿದರೆ ಡೆಕ್ಕಿಗೆ ದೀಪ ಹಾಕಲೇಬೇಕು ಅಂತ ಅಂತರರಾಷ್ಟ್ರೀಯ ಸಮುದ್ರ ನಿಯಮವೇ ಇದೆ. ಅದಕ್ಕಿಂತ ಚಿಕ್ಕದಾದರೆ ಆ ಕಡ್ಡಾಯ ಇಲ್ಲ, ಲಂಗರಿನ ದೀಪ ಇದ್ದರೆ ಸಾಕು. ಬುಕ್ ಮಾಡುವ ಮೊದಲು ಕಂಪನಿಗಳಿಗೆ ಈಮೇಲ್ ಹಾಕಿ ಕೇಳಿದೆ: ಹಡಗಿನ ಉದ್ದ ಎಷ್ಟು, ರಾತ್ರಿ ಡೆಕ್ ದೀಪ ಆರಿಸುತ್ತೀರಾ, ಎಷ್ಟು ರಾತ್ರಿ ಲಂಗರು, ರಾತ್ರಿ ಮುಂಭಾಗದ ಡೆಕ್ ತೆರೆದಿರುತ್ತದಾ. ಕೆಲವರು ಉತ್ತರವನ್ನೇ ಕೊಡಲಿಲ್ಲ. ನಾಲ್ಕಕ್ಕೂ ಸರಿಯಾಗಿ ಉತ್ತರ ಕೊಟ್ಟವರಿಗೇ ಅಡ್ವಾನ್ಸ್ ಕಟ್ಟಿದೆ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಮೂರು ಜನರ ಕ್ಯಾಬಿನ್‌ನಲ್ಲಿ ಒಂದು ಹಾಸಿಗೆ, ನಾಲ್ಕೂಮುಕ್ಕಾಲು ಲಕ್ಷದ ಹತ್ತಿರ. ಬೆಂಗಳೂರಿನಿಂದ ಐಸ್‌ಲ್ಯಾಂಡಿನ ರೇಕ್ಯಾವಿಕ್‌ಗೆ ಹೋಗಿ ಬರಲು ತೊಂಬತ್ತು ಸಾವಿರ ಚಿಲ್ಲರೆ. ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚೂ ಸೇರಿದ ವಿಮೆ ಹನ್ನೆರಡು ಸಾವಿರ ಇರಬೇಕು. ಬ್ಯಾಂಕಿನವರು ಮುಂಗಡವಾಗಿ ಹಿಡಿದ ತೆರಿಗೆ (ಟಿಸಿಎಸ್) ಆಮೇಲೆ ರಿಟರ್ನ್ ಫೈಲ್ ಮಾಡಿದಾಗ ವಾಪಸ್ ಬಂತು, ಆದರೆ ಆಗ ಕೈಯಿಂದ ಕೊಡಲೇಬೇಕಲ್ವಾ. ರೇಕ್ಯಾವಿಕ್‌ನಲ್ಲಿ ಡಾರ್ಮಿಟರಿ, ಊಟಕ್ಕೆ ಮನೆಯಿಂದ ಒಯ್ದ ಅವಲಕ್ಕಿ, ಚಟ್ನಿಪುಡಿ. ಒಟ್ಟು ಏಳು ಲಕ್ಷ ದಾಟಲಿಲ್ಲ. ವೀಸಾ ಜೋಪಾನ: ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್‌ಗೆ ಗ್ರೀನ್‌ಲ್ಯಾಂಡ್ ಸೇರಿಲ್ಲ. ಐಸ್‌ಲ್ಯಾಂಡಿನ ವೀಸಾ ಇದ್ದರೆ ಸಾಲದು, ಗ್ರೀನ್‌ಲ್ಯಾಂಡಿಗೆ ಬೇರೆ ಅನುಮತಿ ಬೇಕು. ನಾನು ತಿಂಗಳುಗಳ ಮೊದಲೇ ಅರ್ಜಿ ಹಾಕಿದ್ದೆ.

ಐಸ್‌ಲ್ಯಾಂಡಿಗೂ ಗ್ರೀನ್‌ಲ್ಯಾಂಡಿಗೂ ನಡುವಿನ ಡೆನ್ಮಾರ್ಕ್ ಜಲಸಂಧಿ ದಾಟುವಾಗ ಹಡಗಿನಲ್ಲಿ ಅರ್ಧ ಜನ ಮಲಗಿದ್ದರು. ಅಲ್ಲಿ ಫೋಟೊ ಆಸೆ ಬಿಡಿ, ನಿದ್ದೆ ಮಾಡಿ. ಫ್ಯೋರ್ಡ್ ಒಳಗೆ ಹೋದ ಮೇಲೆ ನೀರು ಶಾಂತ. ಹಾಲ್ ಬ್ರೆಡ್ನಿಂಗ್ ಅನ್ನುವ ಅಗಲವಾದ ಭಾಗ ದಾಟುವಾಗಲೇ ಹಿಮಗಡ್ಡೆಗಳ ಸಾಲು ಶುರುವಾಗುತ್ತದೆ.

ಮೊದಲ ರಾತ್ರಿಗಳು ಸುಮ್ನೆ ಹೋದವು. ಒಮ್ಮೆ ಮೋಡ. ಇನ್ನೊಮ್ಮೆ ಕಂಬಿಯ ಮೇಲೆ ಬೀನ್‌ಬ್ಯಾಗ್ ಇಟ್ಟು ತೆಗೆದೆ, ಕಂಬಿ ಡೆಕ್ಕಿಗಿಂತ ಜಾಸ್ತಿ ನಡುಗುತ್ತದೆ. ಹಡಗಿನ ನಡುಭಾಗಕ್ಕೆ ಹೋಗು, ಕೆಳಗಿನ ಡೆಕ್ಕಿಗೆ ಹೋಗು ಅಂತ ಎಲ್ಲರೂ ಹೇಳುತ್ತಾರೆ. ಹೊಟ್ಟೆ ತೊಳಸದಿರಲು ಅದು ಸರಿ. ಆದರೆ ಹಡಗು ಎರಡು ಡಿಗ್ರಿ ವಾಲಿದರೆ ಎಲ್ಲಿ ನಿಂತರೂ ಎರಡೇ ಡಿಗ್ರಿ. ದೂರದ ನಕ್ಷತ್ರಕ್ಕೆ ಅದಷ್ಟೇ ಲೆಕ್ಕ. ಜಾಗದಿಂದ ಜಾಗಕ್ಕೆ ಬದಲಾಗುವುದು ಇಂಜಿನ್ನಿನ ನಡುಕ.

ಅದನ್ನು ಅಳೆಯಲು ಫೋನಿನಲ್ಲಿ ಕಂಪನ ತೋರಿಸುವ ಆ್ಯಪ್ ಹಾಕಿಕೊಂಡು ಒಂದು ಮಧ್ಯಾಹ್ನ ಪೂರ್ತಿ ಡೆಕ್ ತುಂಬ ಓಡಾಡಿದೆ. ಮಂಡಿಯೂರಿ ಫೋನ್ ನೆಲದ ಮೇಲಿಟ್ಟು ಬರೆದುಕೊಳ್ಳುವುದು, ಎರಡು ಹೆಜ್ಜೆ ಆಚೆ ಹೋಗುವುದು. ಚಿಮಣಿ ಹತ್ತಿರ, ಹಿಂಭಾಗದಲ್ಲಿ ಬಹಳ ಕೆಟ್ಟದು. ಮುಂಭಾಗದಲ್ಲಿ ಐದಾರು ಪಟ್ಟು ಕಡಿಮೆ. ಅಲ್ಲಿ ಹಗ್ಗ ತುಂಬಿಡುವ ಮರದ ಪೆಟ್ಟಿಗೆ ಇತ್ತು. ಡೆಕ್ ಕೆಲಸಗಾರರ ಮುಖ್ಯಸ್ಥ ಬೋಸನ್‌ನ ಅನುಮತಿ ಕೇಳಿ ಅದನ್ನೇ ನನ್ನದು ಮಾಡಿಕೊಂಡೆ. ಪೆಟ್ಟಿಗೆ ಮೇಲೆ ಮಲಗುವ ಫೋಮ್ ಚಾಪೆಯ ಎರಡು ಪದರ, ಅದರ ಮೇಲೆ ಅಕ್ಕಿ ಚೀಲ, ಮೇಲೆ ಕ್ಯಾಮೆರಾ. ಚೀಲ ಹಳೇ ಜೀನ್ಸ್ ಪ್ಯಾಂಟಿನದು, ನಮ್ಮ ಬೀದಿಯ ಟೈಲರ್ ಹೊಲಿದುಕೊಟ್ಟಿದ್ದು. ಖಾಲಿ ಒಯ್ದು ರೇಕ್ಯಾವಿಕ್‌ನಲ್ಲಿ ಎರಡು ಕಿಲೋ ಅಕ್ಕಿ ತುಂಬಿದೆ. ಕಾಲುಗಳಿಲ್ಲದ ಈ ಜೋಡಣೆಯಲ್ಲಿ ನಡುಕ ನಿಂತೇಹೋಯಿತು.

ಉಳಿದದ್ದು ಹಡಗಿನ ತಿರುಗಾಟ. 20 ಎಂಎಂ ಲೆನ್ಸ್‌ನಲ್ಲಿ ಒಂದು ಡಿಗ್ರಿ ಅಂದರೆ ಸುಮಾರು ಎಪ್ಪತ್ತು ಪಿಕ್ಸೆಲ್. ಹಡಗು ಸೆಕೆಂಡಿಗೆ ಡಿಗ್ರಿಯ ಹತ್ತನೇ ಒಂದು ಭಾಗ ತಿರುಗಿದರೂ ಏಳು ಪಿಕ್ಸೆಲ್ ಎಳೆಯುತ್ತದೆ. ಲಂಗರು ಹಾಕಿದ ಹಡಗು ಗಾಳಿಗೆ ಎಡಕ್ಕೆ ಹೋಗುತ್ತದೆ, ಸರಪಳಿ ಎಳೆಯುತ್ತದೆ, ಬಲಕ್ಕೆ ಬರುತ್ತದೆ. ಪ್ರತಿ ತುದಿಯಲ್ಲೂ ಕೆಲವು ಸೆಕೆಂಡ್ ನಿಲ್ಲುತ್ತದೆ. ನಾನು ತೆಗೆಯುವುದು ಆ ನಿಂತ ಹೊತ್ತಿನಲ್ಲಿ ಮಾತ್ರ. ಎಫ್ 1.8, ಐಎಸ್‌ಒ 6400, 0.8 ಸೆಕೆಂಡ್, ಒಂದರ ಹಿಂದೆ ಒಂದು ಏಳೆಂಟು ಫ್ರೇಮ್. ಆ ನಿಲ್ಲುವ ಹೊತ್ತನ್ನು ಕತ್ತಲಲ್ಲಿ ಮುಂಚೆಯೇ ಹೇಗೆ ಗೊತ್ತು ಮಾಡಿಕೊಳ್ಳುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆ ಫ್ರೇಮ್‌ಗಳನ್ನು ಒಂದರ ಮೇಲೊಂದು ಸೇರಿಸಿ ಸ್ಟ್ಯಾಕ್ ಮಾಡುವಾಗ ಅರೋರಾವನ್ನೂ ಹಿಮಗಡ್ಡೆಯನ್ನೂ ಬೇರೆ ಮಾಡುವ ಕ್ರಮವೂ ಅಷ್ಟೇ.

ಆ ಫೋಟೊ ಸಿಕ್ಕಿದ್ದು ಹೆಕ್ಲಾ ಹಾವ್ನ್‌ನಲ್ಲಿ. ಡ್ಯಾನ್ಮಾರ್ಕ್ ದ್ವೀಪದ ಈ ಕೊಲ್ಲಿಯಲ್ಲಿ ಡೆನ್ಮಾರ್ಕಿನ ಅನ್ವೇಷಕ ಕಾರ್ಲ್ ರೈಡರ್‌ನ ತಂಡ 1891-92ರ ಚಳಿಗಾಲ ಕಳೆದಿತ್ತು. ಫ್ಯೋರ್ಡ್ ಕೆಲವು ಕಡೆ ಸಾವಿರ ಮೀಟರಿಗೂ ಹೆಚ್ಚು ಆಳ, ಎಲ್ಲೆಂದರಲ್ಲಿ ಲಂಗರು ಹಾಕಲು ಆಗಲ್ಲ. ಆದ್ದರಿಂದ ಇಂಥ ಕೊಲ್ಲಿಯಲ್ಲಿ ನಿಲ್ಲುವ ರಾತ್ರಿಗೆ ಕಾಯಬೇಕು. ಹಡಗಿನ ಗಡಿಯಾರ ಐಸ್‌ಲ್ಯಾಂಡ್ ಸಮಯದಲ್ಲಿತ್ತು. ಅಲ್ಲಿ ನಿಜವಾದ ನಡುರಾತ್ರಿ ಒಂದೂವರೆ ಹೊತ್ತಿಗೆ. ಹನ್ನೆರಡೂವರೆಗೆ ಏನೂ ಇಲ್ಲ ಅಂತ ಎಲ್ಲರೂ ಮಲಗಲು ಹೋದರು. ನಾನು ಹೋಗಲಿಲ್ಲ. ಕೈಗವಸಿನ ಒಳಗೂ ಬೆರಳು ಮರಗಟ್ಟಿತ್ತು. ಪೆಟ್ಟಿಗೆಯ ಮುಚ್ಚಳದ ಮೇಲೆ ಸಕ್ಕರೆಯಂಥ ಹಿಮ ಕೂತಿತ್ತು. ಲೆನ್ಸ್‌ಗೆ ಕಟ್ಟಿದ ಹ್ಯಾಂಡ್ ವಾರ್ಮರ್ ಮಾತ್ರ ಬೆಚ್ಚಗಿತ್ತು. ಸಣ್ಣ ಮಂಜುಗಡ್ಡೆಗಳು ಹಡಗಿನ ಪಕ್ಕಕ್ಕೆ ತಾಗಿ ಕರಕರ ಅನ್ನುತ್ತಿದ್ದವು. ಒಂದೂಕಾಲಿಗೆ ದಕ್ಷಿಣದಲ್ಲಿ ಮಂಕು ಪಟ್ಟೆ ಕಾಣಿಸಿತು. ಹೌದು, ದಕ್ಷಿಣದಲ್ಲಿ. ಅಷ್ಟು ಮೇಲೆ ಹೋದ ಮೇಲೆ ಉತ್ತರಕ್ಕೇ ಕಣ್ಣು ನೆಟ್ಟರೆ ಪ್ರಯೋಜನ ಇಲ್ಲ. ಐದು ನಿಮಿಷದಲ್ಲಿ ಪಟ್ಟೆ ಹಸಿರಾಗಿ ಮಡಿಕೆ ಬಿಟ್ಟಿತು, ಕೆಳಅಂಚು ಗುಲಾಬಿಯಾಯಿತು, ನೀರೂ ಹಸಿರಾಯಿತು. ಎಡಗಡೆಯಿಂದ ಚಂದ್ರನ ಬೆಳಕು ಬಿದ್ದ ಹಿಮಗಡ್ಡೆ ಬೆಳ್ಳಗೆ ನಿಂತಿತ್ತು. ಹಡಗು ಬಲ ತುದಿಗೆ ಬಂದು ನಿಂತಿತು. ಒತ್ತಿದೆ. ಎಡ ತುದಿಯಲ್ಲಿ ಮತ್ತೆ ಒತ್ತಿದೆ. ಸುಮಾರು ಮುಕ್ಕಾಲು ಗಂಟೆ ಹೀಗೇ ನಡೆಯಿತು. ಮುನ್ನೂರು ಫ್ರೇಮ್‌ನಲ್ಲಿ ಇನ್ನೂರಕ್ಕಿಂತ ಜಾಸ್ತಿ ಶಾರ್ಪ್. ಕ್ಯಾಬಿನ್‌ನ ಜರ್ಮನ್ ಗೆಳೆಯ ಬೆಳಿಗ್ಗೆ ನೂರು ಪರ್ಸೆಂಟ್ ಜೂಮ್ ಮಾಡಿ ನೋಡಿ, ಮಧ್ಯಾಹ್ನದೊಳಗೆ ಅಡುಗೆಮನೆಯಿಂದ ಅಕ್ಕಿ ಕೇಳಿ ತಂದಿದ್ದ.

ಹಗಲಿನ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ರ‍್ಯೋಡೆ ಊ ಅನ್ನುವ ಕೆಂಪು ಕಲ್ಲಿನ ದ್ವೀಪದ ಹಿಂದೆ ನೀಲಿ ಹಿಮಗಡ್ಡೆಗಳ ನಡುವೆ ಜೋಡಿಯಾಕ್ ಅನ್ನುವ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಹೋಗುವುದನ್ನು ಮಾತ್ರ ತಪ್ಪಿಸಬೇಡಿ. 1925ರಲ್ಲಿ ನೆಲೆಗೊಂಡ ಇಟ್ಟೊಕ್ಕೊರ್ಟೂರ್ಮಿಟ್ ಊರಿನಲ್ಲಿ ಮುನ್ನೂರೈವತ್ತರ ಆಸುಪಾಸು ಜನ ಇದ್ದಾರೆ. ಅಲ್ಲಿ ಕೇಳದೆ ಯಾರ ಫೋಟೊನೂ ತೆಗೆಯಬೇಡಿ. ನಾನು ಕೇಳಿ ತೆಗೆದದ್ದು ಎರಡೇ, ಎರಡೂ ಚೆನ್ನಾಗಿವೆ.

ಜೊತೆಗೆ ಇನ್ನೊಂದು ಪ್ರಯೋಗ ಮಾಡಿದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೂವತ್ತು ರೂಪಾಯಿಗೆ ಸಿಗುವ ಪೀಜೊ ಡಿಸ್ಕ್‌ಗೆ (ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಬಿಲ್ಲೆ) ರಬ್ಬರ್ ಹಚ್ಚಿ ನೀರೊಳಗಿನ ಮೈಕ್ ಮಾಡಿಕೊಂಡು ಹೋಗಿದ್ದೆ. ಬೇರ್ ಐಲ್ಯಾಂಡ್ಸ್ ಹತ್ತಿರ ಗೈಡ್ ದೋಣಿಯ ಇಂಜಿನ್ ನಿಲ್ಲಿಸಿದಾಗ ಇಳಿಬಿಟ್ಟೆ. ಹಿಮನದಿಯ ಮಂಜು ಕರಗುವಾಗ ಒಳಗೆ ಸಿಕ್ಕಿಕೊಂಡಿದ್ದ ಹಳೇ ಗಾಳಿಯ ಗುಳ್ಳೆಗಳು ಒಡೆಯುತ್ತವೆ. ಆ ಚಟಪಟ ಸದ್ದು ಎರಡು ನಿಮಿಷ ಶುದ್ಧವಾಗಿ ಸಿಕ್ಕಿತು. ಉಳಿದದ್ದೆಲ್ಲ ದೋಣಿಗೆ ನೀರು ಬಡಿಯುವ ಸದ್ದು. ಗೈಡ್ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದಳು. ರಾತ್ರಿ ಹಡಗು ಚಲಿಸುವಾಗ ಸರ್ಚ್‌ಲೈಟ್ ಹಾಕುತ್ತಾರಲ್ಲ, ಆ ಬೆಳಕಿನಲ್ಲೂ ಹಿಮಗಡ್ಡೆ ತೆಗೆದು ನೋಡಿದೆ. ಕಾಲು ಸೆಕೆಂಡಿಗೇ ಬಿಳಿ ಉರಿದುಹೋಗುತ್ತದೆ, ಹಿಂದಿನ ಅರೋರಾ ಕಾಣಿಸೋದೇ ಇಲ್ಲ. ಅದರಲ್ಲಿ ಏನೂ ಹುಟ್ಟಲ್ಲ.

ಮುಂದಿನ ಸಲಕ್ಕೆ ವಿಡಿಯೊ. ಎಫ್ 1.4 ಲೆನ್ಸ್, ಸೆಕೆಂಡಿಗೆ 25 ಫ್ರೇಮ್, ಅದೇ ಪೆಟ್ಟಿಗೆ, ಅದೇ ಅಕ್ಕಿ ಚೀಲ. ಅದೂ ಆಗಲ್ಲ ಅಂತಲೇ ಹೇಳುತ್ತಿದ್ದಾರೆ. ಲೆನ್ಸ್ ಸೆಕೆಂಡ್ ಹ್ಯಾಂಡ್ ಸಿಕ್ಕಿದೆ, ಟಿಕೆಟ್ಟಿನ ದುಡ್ಡಿಗೆ ಈ ಸಲದ ಮದುವೆ ಸೀಸನ್ ಇದೆ.